ಐಡಿವಿ ಎಂಬ ಮೂರಕ್ಷರ, ಹಳೆಯ ಕಾರಿನ ಹಣೆಬರಹ

ಹಾಸ್ಟೆಲ್‌ನಲ್ಲಿ ರಾತ್ರಿ ಹತ್ತರ ನಂತರ ನಾಲ್ಕು ಹುಡುಗರು ಒಂದೇ ಮೊಬೈಲಿಗೆ ತಲೆ ಹಾಕಿ ಕೂತಿದ್ದರೆ ಕಾರಣ ಎರಡೇ: ಒಂದು ಕ್ರಿಕೆಟ್, ಇನ್ನೊಂದು ಸೆಕೆಂಡ್ ಹ್ಯಾಂಡ್ ಕಾರು. ಹೊಸ ಬೈಕಿನ ಬೆಲೆಗೆ ಹಳೆಯ ಹೋಂಡಾ ಸಿಟಿ ವಿಟೆಕ್ ಸಿಗುತ್ತದೆ, ಸ್ವಲ್ಪ ಹುಡುಕಿದರೆ ಮಿತ್ಸುಬಿಷಿ ಲ್ಯಾನ್ಸರ್, ಫಿಯೆಟ್ ಪಾಲಿಯೊ 1.6 ಕೂಡ ಕಣ್ಣಿಗೆ ಬೀಳುತ್ತವೆ. ಎರಡು ಬಾಗಿಲಿನ ಅಸಲಿ ಸ್ಪೋರ್ಟ್ಸ್ ಕಾರು ನಮ್ಮಂಥವರ ಕೈಗೆಟಕುವುದಿಲ್ಲ. ಹಾಗಾಗಿ ನಮ್ಮ ಪಾಲಿಗೆ ಇವೇ ಸ್ಪೋರ್ಟ್ಸ್ ಕಾರುಗಳು. ಮೊದಲ ಸಂಬಳ ಬಂದ ಕೂಡಲೇ ಇಂಥದ್ದೊಂದನ್ನು ಮನೆ ಮುಂದೆ ನಿಲ್ಲಿಸಬೇಕು ಎನ್ನುವವರು ಪ್ರತಿ ಕ್ಲಾಸಿನಲ್ಲೂ ಐದಾರು ಜನ ಇದ್ದೇ ಇರುತ್ತಾರೆ.

ಎಂಜಿನ್ ಎಷ್ಟು ಸಿಸಿ, ಎಷ್ಟು ಅಶ್ವಶಕ್ತಿ, ಮೈಲೇಜ್ ಎಷ್ಟು ಎಂದೆಲ್ಲ ಅವರು ಕೇಳುತ್ತಾರೆ. ಅದು ಗುದ್ದಿದರೆ ಏನಾಗುತ್ತದೆ ಎಂದು ಕೇಳುವವರು ಮಾತ್ರ ಕಡಿಮೆ. ನನ್ನ ದೊಡ್ಡಪ್ಪನ ಮಗನ ಕಾರಿಗೆ ಅಪಘಾತವಾದಾಗ ಆ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ನಮ್ಮ ಮನೆಯ ಪಾಲಿಗೆ ಬಂತು.

ಒಂದು ಕಾರು, ಒಂದು ಡಿವೈಡರ್

ಅಣ್ಣ ಕೆಲಸಕ್ಕೆ ಸೇರಿ ಒಂದೂವರೆ ವರ್ಷವಾಗಿತ್ತು. ಕೂಡಿಟ್ಟ ₹2.2 ಲಕ್ಷ ಕೊಟ್ಟು 2003ರ ಹೋಂಡಾ ಸಿಟಿ ವಿಟೆಕ್ ಕೊಂಡ. ಒಂದೂವರೆ ಲೀಟರ್ ಎಂಜಿನ್, ನೂರಕ್ಕೂ ಹೆಚ್ಚು ಅಶ್ವಶಕ್ತಿ, ಹಗುರ ಮೈ. ಆ ಕಾಲಕ್ಕೆ ಅದು ವೇಗದ ಕಾರು. ನಾಲ್ಕನೇ ತಿಂಗಳಲ್ಲಿ ತುಮಕೂರು ರಸ್ತೆಯಲ್ಲಿ ಮಳೆ ಬರುತ್ತಿದ್ದಾಗ ಮುಂದಿನ ಲಾರಿ ಗಕ್ಕನೆ ಬ್ರೇಕ್ ಹಾಕಿತು. ಅಣ್ಣ ತಪ್ಪಿಸಲು ಹೋದಾಗ ಕಾರು ಜಾರಿ ಡಿವೈಡರ್‌ಗೆ ಬಡಿಯಿತು. ದೇವರ ದಯೆ, ಯಾರಿಗೂ ಪೆಟ್ಟಾಗಲಿಲ್ಲ. ಬಾನೆಟ್ ಮಡಚಿಕೊಂಡಿತು, ಎಡ ಫೆಂಡರ್, ಬಂಪರ್, ಹೆಡ್‌ಲೈಟ್, ರೇಡಿಯೇಟರ್ ಹೋದವು, ವಿಂಡ್‌ಶೀಲ್ಡ್ ಬಿರುಕು ಬಿಟ್ಟಿತು.

ಅಲ್ಲಿ ಅವನು ಮಾಡಿದ ಒಂದು ಒಳ್ಳೆಯ ಕೆಲಸ ಎಂದರೆ ಕಾರನ್ನು ಮತ್ತೆ ಸ್ಟಾರ್ಟ್ ಮಾಡದೆ ಇದ್ದದ್ದು. ರೇಡಿಯೇಟರ್ ಒಡೆದ ಕಾರನ್ನು 'ಹತ್ತಿರದ ಗ್ಯಾರೇಜ್‌ವರೆಗೆ ಮಾತ್ರ' ಎಂದು ಓಡಿಸಿದರೆ ಕೂಲೆಂಟ್ ಇಲ್ಲದೆ ಎಂಜಿನ್ ಬಿಸಿಯಾಗಿ ಹೆಡ್ ಬಾಗುತ್ತದೆ, ಪಿಸ್ಟನ್ ಸೀಜ್ ಆಗುತ್ತದೆ. ಆ ಹಾನಿ ಅಪಘಾತದಿಂದಲ್ಲ, ಅಪಘಾತದ ನಂತರ ಓಡಿಸಿದ್ದರಿಂದ ಆದದ್ದು ಎಂದು ವಿಮಾ ಕಂಪನಿ ಕೈ ತೊಳೆದುಕೊಳ್ಳುತ್ತದೆ. ಪಾಲಿಸಿಯಲ್ಲಿ ಇದು ಸ್ಪಷ್ಟವಾಗಿ ಬರೆದಿರುತ್ತದೆ. ಫೋಟೊ ತೆಗೆದು, ಕಂಪನಿಗೆ ಫೋನ್ ಮಾಡಿ, ಟೋಯಿಂಗ್ ಗಾಡಿ ಕರೆಸುವುದೇ ಸರಿ. ಯಾರಿಗಾದರೂ ಗಾಯವಾಗಿದ್ದರೆ, ಇನ್ನೊಬ್ಬರ ಆಸ್ತಿಗೆ ಹಾನಿಯಾಗಿದ್ದರೆ ಪೊಲೀಸರಿಗೂ ತಿಳಿಸಬೇಕು. ಸರ್ವೇಯರ್ ಬಂದು ನೋಡುವವರೆಗೆ ಗ್ಯಾರೇಜ್‌ನವರು ಒಂದು ಬೋಲ್ಟನ್ನೂ ಬಿಚ್ಚಬಾರದು. ಹಾನಿ ₹50,000 ದಾಟುವಂತಿದ್ದರೆ ಐಆರ್‌ಡಿಎಐ ಪರವಾನಗಿ ಇರುವ ಸರ್ವೇಯರ್ ಬಂದೇ ಬರುತ್ತಾರೆ.

ದೊಡ್ಡಪ್ಪನ ಹಟ ಉಳಿಸಿದ ಕ್ಲೇಮ್

ಸರ್ವೇಯರ್ ಮೊದಲು ನೋಡಿದ್ದು ಕಾರನ್ನಲ್ಲ, ಕಾಗದ. ಆರ್‌ಸಿ ಯಾರ ಹೆಸರಲ್ಲಿದೆ, ಪಾಲಿಸಿ ಯಾರ ಹೆಸರಲ್ಲಿದೆ, ಡಿಎಲ್ ಚಾಲ್ತಿಯಲ್ಲಿದೆಯೇ ಎಂದು. ಕಾರು ಕೈ ಬದಲಾದಾಗ ಮೂರನೆಯವರಿಗೆ ಸಂಬಂಧಿಸಿದ ವಿಮೆ ತಾನಾಗಿಯೇ ಹೊಸ ಮಾಲೀಕನಿಗೆ ವರ್ಗವಾಗುತ್ತದೆ ಎಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ನಮ್ಮ ಸ್ವಂತ ಕಾರಿನ ಹಾನಿಗೆ ಆ ಸೌಲಭ್ಯ ಇಲ್ಲ. 14 ದಿನಗಳೊಳಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ನಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. 'ಅಪ್ಪಾ, ಆಮೇಲೆ ಮಾಡಿಸ್ತೀನಿ' ಎನ್ನುತ್ತಿದ್ದ ಅಣ್ಣನನ್ನು ದೊಡ್ಡಪ್ಪ ಬಿಟ್ಟಿರಲಿಲ್ಲ. 'ದುಡ್ಡು ಕೊಟ್ಟಿದ್ದೀಯ, ಹೆಸರೂ ನಿಂದೇ ಆಗ್ಲಿ' ಎಂದು ಹಿಂದೆ ಬಿದ್ದು ಮಾಡಿಸಿದ್ದರು. ಇಲ್ಲದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಹಳೆಯ ಕಾರಿಗೆ ಇನ್ನೊಂದು ತೊಡಕಿದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಪ್ರತಿ ಐದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಿ ನವೀಕರಿಸಬೇಕು. ಕೊಳ್ಳುವಾಗ ಆರ್‌ಸಿಯಲ್ಲಿ ಆ ದಿನಾಂಕ ನೋಡದವರಿಗೆ ಕ್ಲೇಮ್ ಹೊತ್ತಲ್ಲಿ ಬಿಸಿ ಮುಟ್ಟುತ್ತದೆ. ಸೈಲೆನ್ಸರ್ ಬದಲಿಸಿದ, ಸ್ಪ್ರಿಂಗ್ ಕತ್ತರಿಸಿ ತಗ್ಗಿಸಿದ ಕಾರುಗಳದ್ದೂ ಇದೇ ಪಾಡು. ಕಂಪನಿಗೆ ತಿಳಿಸದ ಮಾರ್ಪಾಡು ಕ್ಲೇಮ್ ನಿರಾಕರಣೆಗೆ ಕಾರಣವಾಗಬಹುದು. ಆರ್‌ಸಿಯಲ್ಲಿರುವ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವುದಕ್ಕೆ ಕಾಯ್ದೆಯೇ ಒಪ್ಪುವುದಿಲ್ಲ.

ಮೂರಕ್ಷರದ ಲೆಕ್ಕ

ನಿಜವಾದ ಪೆಟ್ಟು ಬಿದ್ದದ್ದು ಎಸ್ಟಿಮೇಟ್ ಬಂದ ಮೇಲೆ. ಗ್ಯಾರೇಜ್ ಕೊಟ್ಟ ಮೊತ್ತ ₹1,18,000. ಪಾಲಿಸಿಯಲ್ಲಿದ್ದ ಐಡಿವಿ ₹90,000.

ಐಡಿವಿ ಎಂದರೆ ವಿಮೆಯ ಲೆಕ್ಕದಲ್ಲಿ ನಮ್ಮ ಕಾರಿನ ಬೆಲೆ. ಕಾರು ಕಳುವಾದರೂ ಪೂರ್ತಿ ನುಜ್ಜುಗುಜ್ಜಾದರೂ ಸಿಗುವ ಗರಿಷ್ಠ ಹಣ ಅಷ್ಟೇ. ಹೊಸ ಕಾರಿಗೆ ಇದು ಕೋಷ್ಟಕದ ಪ್ರಕಾರ ಇಳಿಯುತ್ತಾ ಬಂದು ನಾಲ್ಕರಿಂದ ಐದನೇ ವರ್ಷದಲ್ಲಿ ಶೇ 50ಕ್ಕೆ ಬರುತ್ತದೆ. ಐದು ವರ್ಷ ದಾಟಿದ ಮೇಲೆ ಕೋಷ್ಟಕವಿಲ್ಲ. ಕಂಪನಿ ಮತ್ತು ನಾವು ಮಾತಾಡಿಕೊಂಡು ಒಪ್ಪಿದ್ದೇ ಬೆಲೆ. ಮಾತಾಡುವ ಅವಕಾಶ ಇದೆ ಎಂಬುದೇ ಬಹಳ ಜನರಿಗೆ ಗೊತ್ತಿಲ್ಲ. ಏಜೆಂಟ್ 'ಐಡಿವಿ ಕಡಿಮೆ ಮಾಡಿದ್ರೆ ಪ್ರೀಮಿಯಂ ಕಡಿಮೆ ಆಗುತ್ತೆ ಸರ್' ಎನ್ನುತ್ತಾರೆ, ನಾವು ತಲೆಯಾಡಿಸುತ್ತೇವೆ. ಹಿಂದಿನ ಮಾಲೀಕರು ಹಾಗೆಯೇ ಮಾಡಿದ್ದರು. ಉಳಿಸಿದ್ದು ವರ್ಷಕ್ಕೆ ಎರಡು ಮೂರು ಸಾವಿರ. ಅದೇ ಪಾಲಿಸಿ ಅಣ್ಣನಿಗೆ ವರ್ಗವಾಗಿತ್ತು.

ರಿಪೇರಿ ಖರ್ಚು ಐಡಿವಿಯ ಶೇ 75ನ್ನು ದಾಟಿದರೆ ಕಾರು 'ಟೋಟಲ್ ಲಾಸ್' ಎನಿಸಿಕೊಳ್ಳುತ್ತದೆ. ₹90,000ರ ಶೇ 75 ಎಂದರೆ ₹67,500. ಎಂಜಿನ್ ಚೆನ್ನಾಗಿತ್ತು, ಗೇರ್‌ಬಾಕ್ಸ್ ಚೆನ್ನಾಗಿತ್ತು, ಆದರೂ ಕಾಗದದ ಮೇಲೆ ಕಾರು ಸತ್ತಿತ್ತು.

ಐಡಿವಿ ₹2 ಲಕ್ಷ ಇದ್ದಿದ್ದರೆ? ಆಗ ಮಿತಿ ₹1.5 ಲಕ್ಷ, ಕ್ಲೇಮ್ ಸಾಮಾನ್ಯ ರಿಪೇರಿ ಎಂದು ನಡೆಯುತ್ತಿತ್ತು. ಅದರಲ್ಲೂ ಸವಕಳಿ ಎಂಬ ಕತ್ತರಿ ಇದೆ. ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಗಳಿಗೆ ಶೇ 50 ಕಡಿತ. ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿಗೆ ಕಾರಿನ ವಯಸ್ಸು ಎಷ್ಟೇ ಇರಲಿ ಶೇ 50. ಫೈಬರ್‌ಗ್ಲಾಸ್‌ಗೆ ಶೇ 30. ಗಾಜಿಗೆ ಕಡಿತವಿಲ್ಲ, ಕೂಲಿಗೂ ಇಲ್ಲ. ಪೇಂಟಿಂಗ್ ಬಿಲ್‌ನಲ್ಲಿ ಕಾಲು ಭಾಗವನ್ನು ಬಣ್ಣದ ಸಾಮಗ್ರಿ ಎಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ. ನಮ್ಮ ಎಸ್ಟಿಮೇಟನ್ನು ಹಾಗೆ ಬಿಡಿಸಿ ನೋಡಿದೆ:

ಲೋಹದ ಭಾಗ ₹46,000, ಸಿಗುವುದು ₹23,000
ಪ್ಲಾಸ್ಟಿಕ್, ರಬ್ಬರ್ ₹24,000, ಸಿಗುವುದು ₹12,000
ವಿಂಡ್‌ಶೀಲ್ಡ್ ₹8,000, ಸಿಗುವುದು ₹8,000
ಟಿಂಕರಿಂಗ್ ಮತ್ತು ಫಿಟ್ಟಿಂಗ್ ಕೂಲಿ ₹24,000, ಸಿಗುವುದು ₹24,000
ಪೇಂಟಿಂಗ್ ₹16,000, ಸಿಗುವುದು ₹14,000

ಒಟ್ಟು ₹81,000. 1500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ ₹1,000 ಕಳೆದರೆ ₹80,000. ಕೈಯಿಂದ ಹಾಕಬೇಕಾದ್ದು ₹38,000. 'ಜೀರೊ ಡೆಪ್ ತಗೊಂಡಿದ್ರೆ?' ಎಂದು ಗೆಳೆಯರು ಕೇಳುತ್ತಾರೆ. ಆ ಸೌಲಭ್ಯ ಸಾಮಾನ್ಯವಾಗಿ ಐದರಿಂದ ಏಳು ವರ್ಷದೊಳಗಿನ ಕಾರುಗಳಿಗೆ ಸಿಗುತ್ತದೆ, ಇಪ್ಪತ್ತು ವರ್ಷದ ಕಾರಿಗೆ ಆಸೆ ಪಡಬೇಡಿ. ವಿಂಟೇಜ್ ಎಂದು ವಿಶೇಷ ಗೌರವ ಪಡೆಯಲೂ ಅದಕ್ಕೆ ವಯಸ್ಸು ಸಾಲದು. 2021ರ ಕೇಂದ್ರದ ನಿಯಮದಂತೆ ವಿಂಟೇಜ್ ಎನಿಸಲು ವಾಹನಕ್ಕೆ 50 ವರ್ಷ ದಾಟಿರಬೇಕು.

ಗುಜರಿ ಬೆಲೆ ಯಾರು ಕಟ್ಟಿದ್ದು?

ಟೋಟಲ್ ಲಾಸ್ ಆದಾಗ ದಾರಿ ಎರಡು. ಕಾರನ್ನು ಒಪ್ಪಿಸಿ ಐಡಿವಿಯನ್ನು ಪಡೆಯುವುದು ಒಂದು. ಕಾರನ್ನು ನಾವೇ ಇಟ್ಟುಕೊಂಡು, ಅದರ ಗುಜರಿ ಬೆಲೆಯನ್ನು ಕಳೆದು ಉಳಿದದ್ದನ್ನು ಪಡೆಯುವುದು ಇನ್ನೊಂದು. ಮನೆಯಲ್ಲಿ ಎರಡು ಪಕ್ಷವಾಯಿತು. 'ಆ ಪೀಡೆ ತೊಲಗಲಿ' ಎಂದು ದೊಡ್ಡಮ್ಮ. ಮಗ ಕೂತಿದ್ದ ಕಾರು ಅದು, ಅವರ ಮಾತಿಗೆ ಯಾರೂ ಎದುರಾಡಲಿಲ್ಲ. ₹89,000 ತೆಗೆದುಕೊಂಡರೆ ಅಣ್ಣನ ಒಂದೂವರೆ ವರ್ಷದ ಉಳಿತಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಹೋದಂತೆ. ಇಟ್ಟುಕೊಂಡರೆ ರಿಪೇರಿಗೆ ಇನ್ನಷ್ಟು ಸಾಲ.

ಕಂಪನಿ ಗುಜರಿ ಬೆಲೆಯನ್ನು ₹55,000 ಎಂದಿತು. ಅಂದರೆ ಕೈಗೆ ಬರುವುದು ₹34,000. ಸರ್ವೇ ವರದಿಯ ಪ್ರತಿ ಕೇಳುವ ಹಕ್ಕು ಪಾಲಿಸಿದಾರರಿಗೆ ಇದೆ. ಅಣ್ಣ ಇಮೇಲ್‌ನಲ್ಲೇ ಕೇಳಿದ. ₹55,000 ಯಾವ ಬಿಡ್ ಆಧಾರದ ಮೇಲೆ ಬಂತು ಎಂದೂ ಕೇಳಿದ. ಜೊತೆಗೆ ಇಬ್ಬರು ಗುಜರಿ ವ್ಯಾಪಾರಿಗಳಿಂದ ಬರಹದಲ್ಲಿ ಬೆಲೆ ತಂದು ಲಗತ್ತಿಸಿದ. ಇಬ್ಬರೂ ₹40,000 ದಾಟಿರಲಿಲ್ಲ. ಮೂರು ವಾರ ಏನೂ ಆಗಲಿಲ್ಲ. ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆದ ಮೇಲೆ ಗುಜರಿ ಬೆಲೆ ₹40,000ಕ್ಕೆ ಇಳಿಯಿತು, ಕೈಗೆ ₹49,000 ಬಂತು. ದೂರು ಕೊಟ್ಟು 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಬೆಂಗಳೂರಿನಲ್ಲೇ ಕಚೇರಿ ಇದೆ, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಫೋನಿನಲ್ಲಿ ಆಡಿದ ಮಾತಿಗೆ ಅಲ್ಲಿ ಬೆಲೆ ಇಲ್ಲ, ಇಮೇಲ್‌ಗೆ ಇದೆ.

ಕಾರನ್ನು ಒಪ್ಪಿಸುವವರಿಗೂ ಒಂದು ಮಾತು. ಗುಜರಿಗೆ ಹೋದ ಕಾರು ಆರ್‌ಟಿಒ ದಾಖಲೆಯಲ್ಲಿ ನಿಮ್ಮ ಹೆಸರಲ್ಲೇ ಉಳಿಯಬಾರದು. ಆರ್‌ಸಿ ರದ್ದಾದ ಅಥವಾ ವರ್ಗವಾದ ಕಾಗದ ಕೈಗೆ ಬರುವವರೆಗೆ ಬೆನ್ನು ಬಿಡಬೇಡಿ.

ಯಾವುದು ಹಳೆಯದಾದರೆ ನಡೆಯುತ್ತದೆ?

ರಿಪೇರಿಗೆ ನಾವು ಶಿವಾಜಿನಗರದ ಗುಜರಿ ಅಂಗಡಿಗಳನ್ನೂ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನೂ ಮೂರು ಭಾನುವಾರ ಸುತ್ತಿದೆವು. ಮೇಸ್ತ್ರಿ ಹೇಳಿದ ಸೂತ್ರ ಸರಳ. ಕಾಣುವುದಕ್ಕಷ್ಟೇ ಇರುವ ಬಾನೆಟ್, ಫೆಂಡರ್, ಬಂಪರ್, ಹೆಡ್‌ಲೈಟ್ ಹಳೆಯದಾದರೂ ಪರವಾಗಿಲ್ಲ. ಜೀವ ನಿಂತಿರುವ ಬ್ರೇಕ್ ಹೋಸ್, ಟೈ ರಾಡ್, ಬಾಲ್ ಜಾಯಿಂಟ್, ಸೀಟ್ ಬೆಲ್ಟ್ ಹೊಸದೇ ಬೇಕು. ಅಪಘಾತದಲ್ಲಿ ಒಮ್ಮೆ ಭಾರ ಎಳೆದ ಬೆಲ್ಟಿನ ಪಟ್ಟಿ ಹಿಗ್ಗಿರುತ್ತದೆ, ಎರಡನೇ ಸಲ ಅದೇ ಬಲದಿಂದ ಹಿಡಿಯುತ್ತದೆಂಬ ನಂಬಿಕೆ ಇಲ್ಲ.

ಬಣ್ಣಕ್ಕೆ ಮೊದಲು ಚೌಕಟ್ಟಿನ ಅಳತೆ ನೋಡಿಸಿದೆವು. ಈ ಕಾರುಗಳಲ್ಲಿ ಪ್ರತ್ಯೇಕ ಚಾಸಿ ಇಲ್ಲ, ಮೈಯೇ ಚಾಸಿ. ಎಂಜಿನ್ ಕೂರುವ ಜಾಗದ ಎರಡು ಕರ್ಣಗಳನ್ನು ಅಳೆದರೆ ಎರಡೂ ಸಮ ಇರಬೇಕು. ನಮ್ಮದರಲ್ಲಿ ವ್ಯತ್ಯಾಸ ಬಂತು, ಎಳೆದು ಸರಿಪಡಿಸಿದರು. ಅದನ್ನು ಬಿಟ್ಟು ಪೇಂಟ್ ಹೊಡೆಸಿದ್ದರೆ ಕಾರು ಹೊಸದರಂತೆ ಹೊಳೆಯುತ್ತಿತ್ತು, ವೀಲ್ ಅಲೈನ್‌ಮೆಂಟ್ ಮಾತ್ರ ಎಂದೂ ಕೂರುತ್ತಿರಲಿಲ್ಲ.

ಒಟ್ಟು ಖರ್ಚು ₹72,000. ವಿಮೆ ಹಣ ₹49,000 ಕಳೆದರೆ ಅಣ್ಣನ ಜೇಬಿನಿಂದ ₹23,000. ಟೋಟಲ್ ಲಾಸ್ ಹಣ ಕೊಟ್ಟ ಮೇಲೆ ಹಳೆಯ ಪಾಲಿಸಿ ಮುಗಿದಂತೆ, ಹಾಗಾಗಿ ಕಾರಿನ ತಪಾಸಣೆ ಮಾಡಿಸಿ ಹೊಸ ಪಾಲಿಸಿ ಮಾಡಿಸಬೇಕಾಯಿತು. ಕ್ಲೇಮ್ ಮಾಡಿದ್ದರಿಂದ ನೋ ಕ್ಲೇಮ್ ಬೋನಸ್ ಕೂಡ ಸೊನ್ನೆಗೆ ಇಳಿಯಿತು. ಈ ಬಾರಿ ಐಡಿವಿ ಎಷ್ಟು ಎಂದು ಏಜೆಂಟ್ ಕೇಳುವ ಮೊದಲೇ ಅಣ್ಣ ಮಾರುಕಟ್ಟೆಯ ದರ ತೋರಿಸಿ ₹2 ಲಕ್ಷ ಎಂದ. ಸ್ವಲ್ಪ ಹಗ್ಗಜಗ್ಗಾಟದ ನಂತರ ₹1.8 ಲಕ್ಷಕ್ಕೆ ಒಪ್ಪಿದರು.

ದೊಡ್ಡಮ್ಮ ಇನ್ನೂ ಆ ಕಾರಿನಲ್ಲಿ ಕೂತಿಲ್ಲ. 'ನೀನೂ ಕೆಲಸ ಸಿಕ್ಕ ತಕ್ಷಣ ಇಂಥದ್ದೇ ತಗೋತೀಯೇನೋ?' ಎಂದು ನನ್ನನ್ನು ಕೇಳುತ್ತಿರುತ್ತಾರೆ. ತೆಗೆದುಕೊಳ್ಳಬೇಕೆಂಬ ಆಸೆ ನನಗೂ ಇದೆ. ನಿಮಗೂ ಇದ್ದರೆ ಕಾರು ನೋಡಲು ಹೋದಾಗ ಬಾನೆಟ್ ಎತ್ತಿಸುವ ಮೊದಲು ಪಾಲಿಸಿ ಕೇಳಿ. ಐಡಿವಿ ಎಷ್ಟು, ಆರ್‌ಸಿ ಅವಧಿ ಎಲ್ಲಿಯವರೆಗೆ, ಇರುವುದು ಥರ್ಡ್ ಪಾರ್ಟಿ ಮಾತ್ರವೋ ಸ್ವಂತ ಹಾನಿಯೂ ಸೇರಿದೆಯೋ ನೋಡಿ. ಕಾರಿಗೆ ಕೊಡುವ ಹಣದ ಜೊತೆಗೆ ಒಂದು ರಿಪೇರಿಗೆ ಆಗುವಷ್ಟು ಹಣ ಬ್ಯಾಂಕಿನಲ್ಲಿ ಉಳಿಯುತ್ತದೆಯೇ ಎಂದು ಲೆಕ್ಕ ಹಾಕಿ. ಉಳಿಯದಿದ್ದರೆ ಇನ್ನಾರು ತಿಂಗಳು ಬಸ್ ಪಾಸ್ ಸಾಕು.