ಗೋಡೆಯ ಮೇಲೊಂದು ಲೆಕ್ಕದ ಪುಸ್ತಕ

ಮಕ್ಕಳೇ, ಮನೆಯಲ್ಲಿ ಓದು, ಲೆಕ್ಕ ಎಂದ ಕೂಡಲೇ ನಿಮಗೆ ಪಠ್ಯಪುಸ್ತಕ, ಮಗ್ಗಿ ನೆನಪಾಗುತ್ತವೆ ಅಲ್ಲವೇ? ಇಂದು ಅವು ಚೀಲದಲ್ಲೇ ಇರಲಿ. ಮನೆಯ ಗೋಡೆಯ ಮೇಲಿರುವ ವಿದ್ಯುತ್ ಮೀಟರನ್ನು ಓದೋಣ. ಒಂದು ನೋಟ್‌ಪುಸ್ತಕ, ಪೆನ್ಸಿಲ್ ಇದ್ದರೆ ಸಾಕು. ಆದರೆ ನೆನಪಿಡಿ: ಮೀಟರನ್ನಾಗಲಿ ಅದರ ತಂತಿಗಳನ್ನಾಗಲಿ ಮುಟ್ಟಬಾರದು, ದೂರದಿಂದಲೇ ನೋಡಬೇಕು.

ಹಾಲನ್ನು ಲೀಟರಿನಲ್ಲಿ, ಅಕ್ಕಿಯನ್ನು ಕಿಲೋದಲ್ಲಿ ಅಳೆಯುವಂತೆ ನಾವು ಬಳಸುವ ವಿದ್ಯುತ್ತನ್ನು ಯೂನಿಟ್‌ಗಳಲ್ಲಿ ಅಳೆಯುತ್ತಾರೆ. 1000 ವ್ಯಾಟ್‌ನ ಉಪಕರಣ ಒಂದು ಗಂಟೆ ನಡೆದರೆ 1 ಯೂನಿಟ್ ಖರ್ಚಾಗುತ್ತದೆ. ಎಷ್ಟು ವ್ಯಾಟ್ ಎಂಬುದನ್ನು ಬಲ್ಬಿನ ಮೇಲೆ, ಫ್ಯಾನಿನ ಡಬ್ಬದ ಮೇಲೆ, ಇಸ್ತ್ರಿಪೆಟ್ಟಿಗೆಯ ಮೇಲೆ ಮುದ್ರಿಸಿರುತ್ತಾರೆ. ಓದಿ ಬರೆದುಕೊಳ್ಳಿ. 60 ವ್ಯಾಟ್‌ನ ಹಳೆಯ ತಂತಿ ಬಲ್ಬು 1 ಯೂನಿಟ್‌ನಲ್ಲಿ ಎಷ್ಟು ಹೊತ್ತು ಉರಿದೀತು? 1000ವನ್ನು 60ರಿಂದ ಭಾಗಿಸಿ. 16 ಗಂಟೆ 40 ನಿಮಿಷ. ಸುಮಾರು ಅಷ್ಟೇ ಬೆಳಕು ಕೊಡುವ 9 ವ್ಯಾಟ್‌ನ ಎಲ್‌ಇಡಿ ಬಲ್ಬು ಅದೇ 1 ಯೂನಿಟ್‌ನಲ್ಲಿ 111 ಗಂಟೆ ಉರಿಯುತ್ತದೆ!

ಈಗ ಮೀಟರಿನತ್ತ ನೋಡಿ. ಇಂದಿನ ಮೀಟರುಗಳ ಪರದೆ ಒಂದೇ ಸಂಖ್ಯೆಯನ್ನು ತೋರಿಸುತ್ತ ನಿಲ್ಲುವುದಿಲ್ಲ. ದಿನಾಂಕ, ಸಮಯ, ವೋಲ್ಟೇಜ್ ಎಲ್ಲವೂ ಒಂದಾದ ಮೇಲೊಂದು ಬರುತ್ತವೆ. ಅವಸರಪಟ್ಟು 230 ಎಂದು ಬರೆದುಕೊಂಡರೆ ಅದು ವೋಲ್ಟೇಜ್ ಆಗಿರಬಹುದು. ಪಕ್ಕದಲ್ಲಿ ಕೆಡಬ್ಲ್ಯುಎಚ್ ಎಂಬ ಅಕ್ಷರಗಳು ಕಾಣುವವರೆಗೆ ಕಾಯಿರಿ. ಅದೇ ಯೂನಿಟ್‌ನ ಲೆಕ್ಕ. ಒಂದೇ ಗೋಡೆಯಲ್ಲಿ ಎರಡು ಮೂರು ಮನೆಗಳ ಮೀಟರುಗಳಿದ್ದರೆ ನಿಮ್ಮದು ಯಾವುದೆಂದು ಮೊದಲು ಮನೆಯವರನ್ನು ಕೇಳಿ ತಿಳಿಯಿರಿ. ಬಿಲ್ಲಿನಲ್ಲಿ ನಿಮ್ಮ ಮನೆಯ ಆರ್.ಆರ್. ಸಂಖ್ಯೆ ಇರುತ್ತದೆ.

ಕಳೆದ ತಿಂಗಳು ಮೀಟರು 3415 ತೋರಿಸಿತ್ತು, ಈ ತಿಂಗಳು 3481 ತೋರಿಸುತ್ತಿದೆ ಎನ್ನೋಣ. ಕಳೆದರೆ 66 ಯೂನಿಟ್. ಯಾರೋ ಅವಸರದಲ್ಲಿ 4 ಮತ್ತು 8ನ್ನು ಅದಲುಬದಲು ಮಾಡಿ 3841 ಎಂದು ಬರೆದರೆ? ಬಳಕೆ 426 ಯೂನಿಟ್ ಆಗಿಬಿಡುತ್ತದೆ! ಸ್ಥಾನಬೆಲೆಯ ಪಾಠ ಬೇಸರ ಎನ್ನುವವರು ಈ ಎರಡು ಉತ್ತರಗಳನ್ನು ಒಂದು ಸಲ ಅಕ್ಕಪಕ್ಕ ಇಟ್ಟು ನೋಡಬೇಕು.

ನಮ್ಮ ರಾಜ್ಯದಲ್ಲಿ ಈ ತಪ್ಪು ಇನ್ನೂ ದುಬಾರಿ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಮನೆಬಳಕೆಗೆ ಉಚಿತ ವಿದ್ಯುತ್ ಕೊಡುವಾಗ ಒಂದು ಲೆಕ್ಕ ಹಾಕಿದರು. 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇಕಡ 10 ಸೇರಿಸಿದರು. ಹನ್ನೆರಡು ತಿಂಗಳಲ್ಲಿ 720 ಯೂನಿಟ್ ಬಳಸಿದ್ದ ಮನೆಯ ಸರಾಸರಿ 60. ಅದರ ಶೇಕಡ 10 ಅಂದರೆ 6. ಒಟ್ಟು 66 ಯೂನಿಟ್ ಉಚಿತ. 71 ಬಳಸಿದರೆ 5 ಯೂನಿಟ್‌ಗೆ ಹಣ ಕಟ್ಟಬೇಕು. 200 ದಾಟಿದರೆ ಮಾತ್ರ ಆ ತಿಂಗಳ ಪೂರ್ತಿ ಬಿಲ್ಲು ಮನೆಯವರ ಮೇಲೆಯೇ. ಈಗ ಆ 426ನ್ನು ನೆನಪಿಸಿಕೊಳ್ಳಿ! ತೀರ ಕಡಿಮೆ ಬಳಸುವ ಮನೆಗಳಿಗೆ 2024ರಲ್ಲಿ ಶೇಕಡ 10ರ ಬದಲು 10 ಯೂನಿಟ್ ಎಂದು ಮಾಡಿದರು. ಏಕಿರಬಹುದು? ಸರಾಸರಿ 30 ಇರುವ ಮನೆಗೆ ಎರಡೂ ರೀತಿ ಲೆಕ್ಕ ಹಾಕಿ ನೋಡಿ, ನಿಮಗೇ ತಿಳಿಯುತ್ತದೆ.

ಬಿಲ್ಲು ಬಂದ ದಿನ ಅದನ್ನು ಮನೆಯವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿ. ಹಿಂದಿನ ಮಾಪನ, ಈಗಿನ ಮಾಪನ, ಬಳಕೆ, ಬಾಕಿ, ಕೊನೆಯ ದಿನಾಂಕ ಇಂಥ ಪದಗಳು ಅದರಲ್ಲಿರುತ್ತವೆ. ಅರ್ಥವಾಗದ ಪದವನ್ನು ಗುರುತು ಹಾಕಿ ಮರುದಿನ ಶಿಕ್ಷಕರನ್ನು ಕೇಳಿ. ಅಕ್ಷರ ಬಾರದ ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಸಂತೆಯಲ್ಲಿ ಬಾಯಿಲೆಕ್ಕ ಮಾಡಿ ಪಳಗಿದ ಅವರು, ನೀವು ಕಾಗದದಲ್ಲಿ ಕಳೆಯುವಷ್ಟರಲ್ಲಿ 15ರಿಂದ 80ಕ್ಕೆ 65, ಇನ್ನೊಂದು ಸೇರಿ 66 ಎಂದುಬಿಡಬಹುದು. ಆ ವಿಧಾನವನ್ನೂ ಪುಸ್ತಕದಲ್ಲಿ ಬರೆದಿಡಿ, ಪರೀಕ್ಷೆಯಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಪ್ರಯೋಗ ಉಳಿದಿದೆ. ಮೀಟರಿನಲ್ಲಿ ಒಂದು ಪುಟ್ಟ ಕೆಂಪು ದೀಪ ಮಿನುಗುತ್ತಿರುತ್ತದೆ. ಎಷ್ಟು ಮಿನುಗಿದರೆ 1 ಯೂನಿಟ್ ಎಂದು ಅಲ್ಲೇ ಬರೆದಿರುತ್ತದೆ. ಅನೇಕ ಮೀಟರುಗಳಲ್ಲಿ ಅದು 3200. ದೊಡ್ಡವರಿಗೆ ಹೇಳಿ ಮನೆಯ ಎಲ್ಲ ಸ್ವಿಚ್ಚುಗಳನ್ನು ಆರಿಸಿ, 75 ವ್ಯಾಟ್‌ನ ಒಂದು ಫ್ಯಾನನ್ನು ಮಾತ್ರ ಪೂರ್ಣ ವೇಗದಲ್ಲಿ ಹಾಕಿ. ಗಂಟೆಗೆ 240 ಸಲ, ಅಂದರೆ ನಿಮಿಷಕ್ಕೆ 4 ಸಲ ದೀಪ ಮಿನುಗಬೇಕು. 1000 ವ್ಯಾಟ್‌ನ ಇಸ್ತ್ರಿಪೆಟ್ಟಿಗೆ ಹಾಕಿದರೆ ನಿಮಿಷಕ್ಕೆ ಸುಮಾರು 53 ಸಲ! 9 ವ್ಯಾಟ್‌ನ ಬಲ್ಬಾದರೆ ಒಂದು ಮಿನುಗಿಗೆ ಎರಡು ನಿಮಿಷಕ್ಕೂ ಹೆಚ್ಚು ಕಾಯಬೇಕು, ತಾಳ್ಮೆ ಬೇಕು. ಎಣಿಸಿದ ಸಂಖ್ಯೆ ಲೆಕ್ಕಕ್ಕೆ ಹೊಂದದಿದ್ದರೆ ಎಲ್ಲೋ ಇನ್ನೊಂದು ಉಪಕರಣ ನಡೆಯುತ್ತಿದೆಯೇ ಎಂದು ಹುಡುಕಿ. ರಿಮೋಟಿನಿಂದಷ್ಟೇ ಆರಿಸಿದ ಟಿ.ವಿ.ಯನ್ನು ಮೊದಲು ನೋಡಿ.