ಮೀನಿನ ತೊಟ್ಟಿಗೆ ಸೋಪು ತಗುಲಿದರೆ?

ಮಕ್ಕಳೇ, ನಿಮ್ಮ ಶಾಲೆಯಲ್ಲಿ ಮೀನುಗಳಿವೆಯೇ? ಅಂಗಡಿಯಲ್ಲಿ ಸಿಗುವ ಗಾಜಿನ ಅಕ್ವೇರಿಯಂ ಇರಲೇಬೇಕೆಂದೇನೂ ಇಲ್ಲ. ರಾಮನಗರ ಮತ್ತು ಚನ್ನಪಟ್ಟಣದ ನಡುವೆ ಇರುವ ಕೆಂಗಲ್ ಸುತ್ತಿನ ಶಾಲೆಗಳಲ್ಲಿ ನಾನು ನೋಡಿರುವುದು ಹೆಚ್ಚಾಗಿ ಕಿಟಕಿಯ ಪಕ್ಕ ಇಟ್ಟ ದೊಡ್ಡ ಭರಣಿ, ಇಲ್ಲವೇ ಪ್ಲಾಸ್ಟಿಕ್ ತೊಟ್ಟಿ. ಅದರೊಳಗೆ ಗಪ್ಪಿ ಮೀನುಗಳು. ಸೊಳ್ಳೆಯ ಮರಿಹುಳುಗಳನ್ನು ತಿನ್ನಲಿ ಎಂದು ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಬಿಡುವ ಮೀನೂ ಇದೇ.

ಈ ಪುಟ್ಟ ಮೀನುಗಳಿಗೆ ಬೆಕ್ಕಿಗಿಂತ ದೊಡ್ಡ ಶತ್ರು ಒಂದಿದೆ. ಅದು ನಮ್ಮ ಶುಚಿತ್ವದ ಉತ್ಸಾಹ! ಶನಿವಾರ ಶಾಲೆ ಬಿಡುವ ಮುಂಚೆ ತೊಟ್ಟಿ ತೊಳೆಯೋಣ ಎಂದು ಹೊರಡುತ್ತೇವೆ. ಬಿಸಿಯೂಟದ ತಟ್ಟೆ ತೊಳೆದ ಬಕೆಟ್ಟು, ಅದರ ಪಕ್ಕದಲ್ಲೇ ಇದ್ದ ಸ್ಪಂಜು ಕೈಗೆ ಸಿಗುತ್ತವೆ. ತೊಟ್ಟಿ ಫಳಫಳ ಹೊಳೆಯುತ್ತದೆ. ಸೋಮವಾರ ಬಂದು ನೋಡಿದರೆ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿರುತ್ತವೆ. ‘ಹೊಸ ನೀರು ಒಗ್ಗಲಿಲ್ಲ’ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಒಮ್ಮೊಮ್ಮೆ ಅದೂ ನಿಜವಿರಬಹುದು. ಆದರೆ ಮೊದಲು ವಿಚಾರಿಸಬೇಕಾದದ್ದು ಆ ಬಕೆಟ್ಟನ್ನು.

ಸೋಪು ಮೀನಿಗೆ ಮಾಡುವುದೇನು?

ಸೋಪಿನ ಅಣುವಿಗೆ ಎರಡು ತುದಿಗಳಿವೆ. ಒಂದು ತುದಿಗೆ ನೀರೆಂದರೆ ಇಷ್ಟ, ಇನ್ನೊಂದಕ್ಕೆ ಎಣ್ಣೆ, ಜಿಡ್ಡು ಎಂದರೆ ಇಷ್ಟ. ಹೀಗಾಗಿಯೇ ಅದು ತಟ್ಟೆಯ ಜಿಡ್ಡನ್ನು ಹಿಡಿದೆಳೆದು ನೀರಿಗೆ ಸೇರಿಸುತ್ತದೆ. 2020ರಲ್ಲಿ ಕೊರೋನ ಬಂದಾಗ ಎಲ್ಲರೂ ಸೋಪು ಹಚ್ಚಿ ಕೈ ತೊಳೆಯುತ್ತಿದ್ದೆವಲ್ಲ? ಆ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇದೆ. ಸೋಪು ಅದನ್ನು ಒಡೆಯುತ್ತದೆ.

ಈಗ ಮೀನಿನ ಕಿವಿರನ್ನು ನೆನೆಸಿಕೊಳ್ಳಿ. ನೀರಿನಲ್ಲಿ ಕರಗಿದ ಆಮ್ಲಜನಕ ರಕ್ತಕ್ಕೆ ಸೇರಬೇಕಾದರೆ ನಡುವಿನ ಪದರ ಬಹಳ ತೆಳುವಾಗಿರಬೇಕು. ಅಲ್ಲಿನ ಜೀವಕೋಶಗಳ ಪೊರೆಯೂ ಕೊಬ್ಬಿನಿಂದಲೇ ಆದದ್ದು. ವೈರಸ್ಸಿನ ಹೊದಿಕೆಗೂ ಮೀನಿನ ಕಿವಿರಿಗೂ ಸೋಪು ಭೇದ ಮಾಡುವುದಿಲ್ಲ. ಮೈಮೇಲಿನ ಲೋಳೆ ಕಳಚುತ್ತದೆ, ಕಿವಿರು ಹಾಳಾಗುತ್ತದೆ. ನೀರಿನಲ್ಲಿ ಆಮ್ಲಜನಕ ಇದ್ದರೂ ಮೀನು ಉಸಿರುಗಟ್ಟುತ್ತದೆ.

ಎಷ್ಟು ಸೋಪು ಸಾಕು? ಬಟ್ಟೆ ಒಗೆಯುವ ಪುಡಿಗಳಲ್ಲಿರುವ ಮಾರ್ಜಕ ಒಂದು ಲೀಟರಿಗೆ ಕೆಲವೇ ಮಿಲಿಗ್ರಾಂ ಇದ್ದರೂ ಅನೇಕ ಜಾತಿಯ ಮೀನುಗಳಿಗೆ ಪ್ರಾಣಾಪಾಯ. ಲೆಕ್ಕ ಹಾಕಿ ನೋಡಿ. ಲೀಟರಿಗೆ 5 ಮಿಲಿಗ್ರಾಂನಂತೆ 40 ಲೀಟರಿನ ತೊಟ್ಟಿಗೆ 200 ಮಿಲಿಗ್ರಾಂ, ಅಂದರೆ ಒಂದು ಗ್ರಾಂನ ಐದನೆಯ ಒಂದು ಭಾಗ. ನೆನೆದ ಸ್ಪಂಜಿನ ಹೊಟ್ಟೆಯಲ್ಲಿ ಅಷ್ಟು ಸುಲಭವಾಗಿ ಅಡಗಿರಬಹುದು.

ಮೂರು ಸಲವೋ, ಒಂದೇ ಸಲವೋ?

ಹಾಗಾದರೆ ಸೋಪು ತಗುಲಿದ ಬಕೆಟ್ಟು, ತೊಟ್ಟಿ, ಬಲೆ ಎಲ್ಲವನ್ನೂ ಎಸೆಯಬೇಕೇ? ಬೇಡ. ಗಾಜು ಮತ್ತು ಗೀರು ಬೀಳದ ಗಟ್ಟಿ ಪ್ಲಾಸ್ಟಿಕ್ ಸೋಪನ್ನು ಒಳಗೆ ಹೀರಿಕೊಳ್ಳುವುದಿಲ್ಲ. ಅದು ಮೇಲ್ಮೈಯಲ್ಲಷ್ಟೇ ಕೂತಿರುತ್ತದೆ. ಚೆನ್ನಾಗಿ ಜಾಲಿಸಿದರೆ ಹೋಗುತ್ತದೆ. ಆದರೆ ಜಾಲಿಸುವುದರಲ್ಲೂ ಒಂದು ಗಣಿತವಿದೆ.

ಬಕೆಟ್ಟನ್ನು ಬೋರಲು ಹಾಕಿದರೂ ಗೋಡೆಗೆ ಅಂಟಿಕೊಂಡು 100 ಮಿಲಿಲೀಟರಿನಷ್ಟು ಸೋಪುನೀರು ಉಳಿಯಿತೆನ್ನಿ. ಅದಕ್ಕೆ 10 ಲೀಟರ್ ನೀರು ಹಾಕಿ ಕಲಕಿ ಚೆಲ್ಲಿದರೆ ಸೋಪಿನ ಸುಮಾರು ನೂರನೆಯ ಒಂದು ಭಾಗ ಉಳಿಯುತ್ತದೆ. ಎರಡನೆಯ ಸಲ ಹತ್ತು ಸಾವಿರದ ಒಂದು ಭಾಗ. ಮೂರನೆಯ ಸಲ ಹತ್ತು ಲಕ್ಷದ ಒಂದು ಭಾಗ! ಅದೇ 30 ಲೀಟರನ್ನು ದೊಡ್ಡ ಡ್ರಮ್ಮಿನಲ್ಲಿ ಒಂದೇ ಸಲ ಬಳಸಿದ್ದರೆ? ಮುನ್ನೂರನೆಯ ಒಂದು ಭಾಗ ಉಳಿದೇ ಇರುತ್ತಿತ್ತು. ನೀರು ಅಷ್ಟೇ, ಫಲ ಬೇರೆ. ಬೋರ್‌ವೆಲ್ ನೀರಿಗೆ ಸಾಲು ನಿಲ್ಲುವ ಊರುಗಳಲ್ಲಿ ಈ ಲೆಕ್ಕ ತಿಳಿದಿರುವುದು ಒಳ್ಳೆಯದು. ಪ್ರತಿ ಸಲವೂ ಪೂರ್ತಿ ಚೆಲ್ಲಿ, ನೀರು ಇಳಿಯಲು ಬಿಟ್ಟು ಮತ್ತೆ ಹಾಕಬೇಕು ಎಂಬುದನ್ನು ಮಾತ್ರ ಮರೆಯಬೇಡಿ. ಚೆಲ್ಲುವ ನೀರು ಗಿಡಗಳ ಬುಡಕ್ಕಲ್ಲ, ಮೋರಿಗೆ ಹೋಗಲಿ.

ಈ ಲೆಕ್ಕ ನೀರಿನಲ್ಲಿ ಕರಗಿದ ಸೋಪಿಗೆ ಮಾತ್ರ ಸರಿ. ನಮ್ಮ ಕಡೆಯ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಜೊತೆ ಸೋಪು ಸೇರಿ ಬಿಳಿಯ ಜಿಡ್ಡಾಗಿ ಗಾಜಿಗೆ ಅಂಟುತ್ತದೆ. ಬೆರಳಿನಿಂದ ಉಜ್ಜಿದರೆ ಜಾರುವ, ಮೇಣದಂಥ ಪದರ ಅದು. ಬರಿಯ ನೀರಿಗೆ ಅದು ಜಗ್ಗುವುದಿಲ್ಲ. ನಿಂಬೆರಸ ಅಥವಾ ಅಡುಗೆಯ ವಿನೆಗರನ್ನು ಅಷ್ಟೇ ನೀರಿನೊಡನೆ ಬೆರೆಸಿ, ಹೊಸ ಬಟ್ಟೆಯಿಂದ ಉಜ್ಜಿ, ಕಾಲು ಗಂಟೆ ಬಿಟ್ಟು, ಮತ್ತೆ ಮೂರು ನಾಲ್ಕು ಸಲ ಜಾಲಿಸಬೇಕು. ಬ್ಲೀಚಿಂಗ್ ಪುಡಿಯನ್ನೂ ವಿನೆಗರನ್ನೂ ಎಂದೂ ಒಟ್ಟಿಗೆ ಬಳಸಬೇಡಿ. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಗಾಜಿನ ತೊಟ್ಟಿಗೆ ಕುದಿಯುವ ನೀರೂ ಬೇಡ, ಸೀಳುತ್ತದೆ. ಪಂಪು ಇದ್ದರೆ ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ ಹಾಕಿ. ಈ ಕೆಲಸವೆಲ್ಲ ನಿಮ್ಮ ಶಿಕ್ಷಕರ ಎದುರಿಗೇ ನಡೆಯಲಿ.

ಕಲ್ಲು ಉಳಿಯಲಿ, ಸ್ಪಂಜು ಹೋಗಲಿ

ಕೆಂಗಲ್ ಎಂಬ ಹೆಸರು ಕೆಂಪು ಕಲ್ಲಿನಿಂದ ಬಂದದ್ದು ಎನ್ನುತ್ತಾರೆ. ಇಲ್ಲಿ ಕಲ್ಲಿಗೇನೂ ಬರವಿಲ್ಲ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಇಲ್ಲಿನ ಬೆಟ್ಟಗಳ ಬಂಡೆಯನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಈ ಕಲ್ಲಿನ ಹರಳುಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿವೆ. ಆದ್ದರಿಂದ ತೊಟ್ಟಿಯ ತಳದಲ್ಲಿ ಹಾಕಿದ ಗಟ್ಟಿ ಗ್ರಾನೈಟ್ ಚೂರುಗಳಿಗೆ ಸೋಪು ತಗುಲಿದ್ದರೆ ಜಾಲಿಸಿ ಉಳಿಸಿಕೊಳ್ಳಬಹುದು. ಚೂರುಗಳು ಚಿಕ್ಕದಾದಷ್ಟೂ ಒಟ್ಟು ಮೇಲ್ಮೈ ಹೆಚ್ಚು, ಜಾಲಿಸುವ ಸಲವೂ ಹೆಚ್ಚು. ಕಲ್ಲನ್ನು ಕುದಿಸಲು ಮಾತ್ರ ಹೋಗಬೇಡಿ. ಬಿರುಕಿನಲ್ಲಿ ಸಿಕ್ಕಿಕೊಂಡ ನೀರು ಆವಿಯಾಗಿ ಕಲ್ಲು ಸಿಡಿಯಬಹುದು.

ಸ್ಪಂಜಿನ ಸಂಗತಿಯೇ ಬೇರೆ. ಅದರ ಮೈಯೆಲ್ಲ ಸಣ್ಣ ಸಣ್ಣ ಗೂಡುಗಳು. ಎಷ್ಟು ಹಿಂಡಿದರೂ ಸೋಪು ಎಲ್ಲೋ ಒಂದು ಕಡೆ ಉಳಿದು ದಿನಗಟ್ಟಲೆ ನಿಧಾನವಾಗಿ ಹೊರಬರುತ್ತದೆ. ಗಾಳಿಗುಳ್ಳೆ ಬಿಡುವ ಕಲ್ಲು, ಸುಟ್ಟ ಮಣ್ಣಿನ ಕುಡಿಕೆ, ಮರದ ತುಂಡು ಇವೂ ಹಾಗೆಯೇ. ಇವಕ್ಕೆ ಸೋಪು ತಗುಲಿದರೆ ಎಸೆದು ಹೊಸದು ತರುವುದೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಒಂದು ಸ್ಪಂಜಿನ ಬೆಲೆಗೆ ಹತ್ತು ಮೀನುಗಳ ಜೀವ ಪಣಕ್ಕಿಡುವುದೇಕೆ?

ಹಳೆಯ ಸ್ಪಂಜಿನಲ್ಲಿ ನಮಗೆ ಕಾಣದ ಇನ್ನೊಂದು ಲೋಕವೂ ಇತ್ತು. ಮೀನಿನ ವಿಸರ್ಜನೆಯಿಂದ ಬರುವ ಅಮೋನಿಯ ವಿಷಕಾರಿ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತವೆ. ಸೋಪಿನಿಂದ ಅವೂ ಸಾಯುತ್ತವೆ. ಹೊಸ ಸ್ಪಂಜಿನಲ್ಲಿ ಅವು ಮತ್ತೆ ಬೆಳೆಯಲು ವಾರಗಳೇ ಬೇಕು. ಅಲ್ಲಿಯವರೆಗೆ ಮೀನಿಗೆ ಆಹಾರ ಕಡಿಮೆ ಹಾಕಿ, ಎರಡು ಮೂರು ದಿನಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ನಲ್ಲಿಯ ಕ್ಲೋರಿನ್ ನೀರಾದರೆ ಒಂದು ದಿನ ತೆರೆದಿಟ್ಟು ಬಳಸಿ. ಮುಂದೆ ಸ್ಪಂಜು ತೊಳೆಯಬೇಕಾದಾಗ ತೊಟ್ಟಿಯಿಂದಲೇ ತೆಗೆದ ಒಂದು ಮಗ್ ನೀರಿನಲ್ಲಿ ಹಿಂಡಿದರೆ ಸಾಕು.

ಬೈರಮಂಗಲದ ನೊರೆ, ಬಾಟಲಿಯ ನೊರೆ

ಬೆಂಗಳೂರಿನ ಕೊಳಚೆಯನ್ನು ಹೊತ್ತು ಬರುವ ವೃಷಭಾವತಿ ಬಿಡದಿ ಬಳಿಯ ಬೈರಮಂಗಲ ಕೆರೆಯನ್ನು ಸೇರುತ್ತದೆ. ಅಲ್ಲಿ ನೀರು ಧುಮುಕುವೆಡೆ ಬಿಳಿಯ ನೊರೆ ರಾಶಿಯಾಗಿ ಏಳುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಯಂತೂ ಗಾಳಿಗೆ ಹಾರಿ ರಸ್ತೆಗೇ ಬಂದಿತ್ತು. ಮನೆಮನೆಯ ಮಾರ್ಜಕಗಳಿಗೆ ಇದರಲ್ಲಿ ದೊಡ್ಡ ಪಾಲು. ನೀರು ನಿಂತಲ್ಲಿ ಕಾಣದ ಮಾರ್ಜಕ, ನೀರು ಕಲಕಿದಲ್ಲಿ ನೊರೆಯಾಗಿ ತನ್ನ ಗುಟ್ಟು ಬಿಟ್ಟುಕೊಡುತ್ತದೆ.

ಇದನ್ನೇ ನಾವು ಪರೀಕ್ಷೆಯಾಗಿ ಬಳಸಬಹುದು. ಸೋಪು ಕಾಣದ ಎರಡು ಪಾರದರ್ಶಕ ಬಾಟಲಿಗಳನ್ನು ತೆಗೆದುಕೊಳ್ಳಿ. ತೊಟ್ಟಿ ಜಾಲಿಸಿದ ಕೊನೆಯ ನೀರನ್ನು ಒಂದರಲ್ಲಿ ಅರ್ಧ ತುಂಬಿ. ಇನ್ನೊಂದರಲ್ಲಿ ಅದೇ ನಲ್ಲಿಯ ಬರಿಯ ನೀರು ಇರಲಿ. ಮುಚ್ಚಳ ಹಾಕಿ ಎರಡನ್ನೂ ಇಪ್ಪತ್ತು ಸಲ ಕುಲುಕಿ, ಮೇಜಿನ ಮೇಲಿಟ್ಟು ನೋಡಿ. ಬರಿಯ ನೀರಿನ ಗುಳ್ಳೆ ಬೇಗ ಒಡೆಯುತ್ತದೆ. ಮೊದಲನೆಯದರಲ್ಲಿ ನೊರೆ ಅಂಚಿನಲ್ಲಿ ನಿಂತೇ ಇದ್ದರೆ ಜಾಲಿಸುವುದು ಮುಗಿದಿಲ್ಲ ಎಂದರ್ಥ.

ಅರಿಸಿನದ ಕಾಗದ ಸೋಪಿಗೆ ಕೆಂಪಾಗುತ್ತದೆ, ಅದನ್ನೇ ಅದ್ದಿ ನೋಡಬಹುದಲ್ಲ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಅರಿಸಿನ ಗುರುತಿಸುವುದು ಪ್ರತ್ಯಾಮ್ಲವನ್ನು, ಸೋಪನ್ನಲ್ಲ. ಸೋಪು ತೀರ ಕಡಿಮೆಯಿದ್ದರೆ ಕಾಗದ ಹಳದಿಯಾಗಿಯೇ ಉಳಿಯುತ್ತದೆ. ಪಾತ್ರೆ ತೊಳೆಯುವ ಕೆಲವು ದ್ರವಗಳಂತೂ ಪ್ರತ್ಯಾಮ್ಲಗಳೇ ಅಲ್ಲ. ಕಾಗದ ಕೆಂಪಾದರೆ ತೊಟ್ಟಿಯನ್ನು ಮತ್ತೆ ತೊಳೆಯಿರಿ. ಹಳದಿಯಾಗಿದ್ದರೆ ನಂಬಬೇಡಿ, ಬಾಟಲಿ ಕುಲುಕಿ. ಕೆಲವರು ಒಂದು ಮೀನು ಬಿಟ್ಟು ನೋಡೋಣ ಎನ್ನುವುದುಂಟು. ಅದಕ್ಕೆ ಮಾತ್ರ ಒಪ್ಪಬೇಡಿ.

ಮೀನುಗಳಿರುವ ತೊಟ್ಟಿಗೇ ಸೋಪು ಬಿದ್ದುಬಿಟ್ಟರೆ? ಅವು ಮೇಲೆ ಬಂದು ಬಾಯಿ ತೆರೆಯುವವರೆಗೆ ಕಾಯಬಾರದು. ಹಿಡಿದಿಟ್ಟ, ಅದೇ ಬಿಸುಪಿನ ಶುದ್ಧ ನೀರಿಗೆ ಬಲೆಯಿಂದ ಕೂಡಲೇ ಬದಲಾಯಿಸಿ, ಗಾಳಿ ಪಂಪು ಹಚ್ಚಿ. ಇಂಥ ಹೊತ್ತಿಗೆಂದೇ ಒಂದು ಬಕೆಟ್ಟು ಬೇರೆ ಇರಬೇಕು. ಅದರ ಮೈಮೇಲೆ ಬಣ್ಣದಲ್ಲಿ ದೊಡ್ಡ ಮೀನೊಂದನ್ನು ಬರೆದಿಡಿ. ಓದಲು ಬಾರದ ಒಂದನೇ ತರಗತಿಯವರಿಗೂ, ಅವಸರದಲ್ಲಿರುವ ದೊಡ್ಡವರಿಗೂ ಅದು ಅರ್ಥವಾಗುತ್ತದೆ.