ನದಿ ಕಾಣೋ ಫ್ಲ್ಯಾಟ್ ತಗೊಳ್ಳೋ ಮುಂಚೆ: ಪುಣೆಯ ಕೋರೆಗಾಂವ್ ಪಾರ್ಕ್, ಕಲ್ಯಾಣಿ ನಗರದ ಲೆಕ್ಕ

ಪುಣೆಗೆ ಬಂದು ನಾಲ್ಕೈದು ವರ್ಷ ಆದ ಮೇಲೆ ನಮ್ಮವರು ಕೇಳೋ ಪ್ರಶ್ನೆ ಒಂದೇ: "ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿದೆ, ನದಿ ಪಕ್ಕ ಒಂದು ಒಳ್ಳೆ ಫ್ಲ್ಯಾಟ್ ತಗೊಳ್ಳಬಹುದಾ?" ನಾನೂ ಇದನ್ನೇ ಯೋಚಿಸಿ ಕಲ್ಯಾಣಿ ನಗರದಲ್ಲಿ ಟೋಕನ್ ಕೊಟ್ಟು, ಆಮೇಲೆ ಹಿಂದೆ ಸರಿದವನು. ಯಾಕೆ ಹಿಂದೆ ಸರಿದೆ ಅನ್ನೋದೇ ಇವತ್ತಿನ ವಿಷಯ.

ಮೊದಲು ಜಾಗದ ಬಗ್ಗೆ. ಮುಳಾ ಮತ್ತು ಮುಠಾ ನದಿಗಳು ಪುಣೆಯ ಸಂಗಮದಲ್ಲಿ ಸೇರಿ, ಬಂಡ್ ಗಾರ್ಡನ್ ದಾಟಿ ಪೂರ್ವಕ್ಕೆ ಹರಿಯುತ್ತವೆ. ದಕ್ಷಿಣ ದಂಡೆಯಲ್ಲಿ ಕೋರೆಗಾಂವ್ ಪಾರ್ಕ್: ಆಲದ ಮರಗಳು, ನಂಬರ್ ಹಾಕಿದ ಲೇನ್‌ಗಳು, ಹಳೇ ಬಂಗಲೆಗಳು. ಉತ್ತರ ದಂಡೆಯಲ್ಲಿ ಕಲ್ಯಾಣಿ ನಗರ. ಖರಾಡಿಯ ಆಫೀಸುಗಳು ಹತ್ತಿರ, ವಿಮಾನ ನಿಲ್ದಾಣ ಹತ್ತಿರ, 2024ರಿಂದ ರಾಮವಾಡಿವರೆಗೆ ಮೆಟ್ರೊ ಕೂಡ ಇದೆ. ಇಲ್ಲಿ ಇರೋದು ನಿಜಕ್ಕೂ ಸುಖ. ಆದರೆ ಬೇಸಿಗೆಯಲ್ಲಿ ನದಿ ವಾಸನೆ ಬರುತ್ತೆ, ಜಲಕಳೆ ಬೆಳೆದಾಗ ಸೊಳ್ಳೆ ಕಾಟ. ಬ್ರೋಷರ್‌ನಲ್ಲಿರೋ ನೀಲಿ ನೀರು ವರ್ಷದಲ್ಲಿ ಯಾವಾಗಲೂ ನೋಡೋಕೆ ಸಿಗಲ್ಲ.

ನಾನು ನೋಡಿದ ಫ್ಲ್ಯಾಟ್ ಒಂಬತ್ತನೇ ಮಹಡಿ, ಬಾಲ್ಕನಿಯಿಂದ ನದಿ ಕಾಣ್ತಿತ್ತು. ಅಪ್ಪ ಕಲಬುರಗಿಯ ಸೈಟು ಮಾರಿ ಸಹಾಯ ಮಾಡ್ತೀನಿ ಅಂದಿದ್ರು. ನೋಡೋಕೆ ಕರೆದುಕೊಂಡು ಬಂದೆ. ಅವರು ಬಾಲ್ಕನಿಗೇ ಹೋಗಲಿಲ್ಲ. ಪಾರ್ಕಿಂಗ್‌ನಲ್ಲಿ ನಿಂತು, "ತಮ್ಮಾ, ಹೊಳಿ ಎಲ್ಲೀತನಾ ಬಂದಿತ್ತಂತ ಕೇಳೀಯೇನು?" ಅಂದ್ರು. ನಮ್ಮದು ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಊರು. ಪುಣೆಯ ಈ ನೀರೇ ಭೀಮೆಗೆ ಸೇರಿ, ಉಜನಿ ದಾಟಿ ನಮ್ಮೂರಿಗೆ ಬರೋದು. 2020ರ ಅಕ್ಟೋಬರ್ ಪ್ರವಾಹ ನೋಡಿದವರು ಅವರು. ನಾನು ಎಂಟೆಕ್ ಮಾಡಿದವನು, ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ವಾಚ್‌ಮನ್‌ನ ಕೇಳಿದ್ರೆ ಪಾರ್ಕಿಂಗ್ ಗೋಡೆಯಲ್ಲಿ ಮೊಣಕಾಲೆತ್ತರದ ಕಲೆ ತೋರಿಸಿದ.

ಮಹಾರಾಷ್ಟ್ರದಲ್ಲಿ ನದಿಗೆ ಎರಡು ಗೆರೆ ಇರುತ್ತೆ. ಜಲಸಂಪನ್ಮೂಲ ಇಲಾಖೆ ಗುರುತಿಸೋದು. ನೀಲಿ ಗೆರೆ ಅಂದ್ರೆ 25 ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹದ ಮಟ್ಟ. ಕೆಂಪು ಗೆರೆ ಅಂದ್ರೆ 100 ವರ್ಷಕ್ಕೊಮ್ಮೆ. ನೀಲಿ ಗೆರೆ ಒಳಗೆ ಹೊಸ ಕಟ್ಟಡ ನಿಷಿದ್ಧ. ನೀಲಿ ಮತ್ತು ಕೆಂಪಿನ ಮಧ್ಯೆ ಷರತ್ತಿನ ಮೇಲೆ ಅನುಮತಿ, ನೆಲಮಟ್ಟ ಎತ್ತರಿಸಬೇಕು ಅನ್ನೋದು ಅದರಲ್ಲಿ ಒಂದು.

ಏಜೆಂಟ್ ಹೇಳಿದ್ದು: "ಸರ್, 25 ವರ್ಷಕ್ಕೊಮ್ಮೆ ತಾನೇ, ಮೊನ್ನೆ ಬಂದು ಹೋಯ್ತಲ್ಲ." ಇದು ತಪ್ಪು ಲೆಕ್ಕ. ಅದರ ಅರ್ಥ ಪ್ರತಿ ವರ್ಷವೂ ಶೇ. 4 ಸಾಧ್ಯತೆ. ಮೊನ್ನೆ ಬಂದಿದ್ದಕ್ಕೂ ಮುಂದಿನ ವರ್ಷಕ್ಕೂ ಸಂಬಂಧ ಇಲ್ಲ. 20 ವರ್ಷದ ಸಾಲ ಹಾಕಿ: 0.96 ಅನ್ನು 20 ಸಲ ಗುಣಿಸಿದ್ರೆ 0.44. ಅಂದ್ರೆ ಸಾಲ ತೀರೋದರೊಳಗೆ ಒಮ್ಮೆಯಾದರೂ ನೀರು ನೀಲಿ ಗೆರೆ ಮುಟ್ಟೋ ಸಾಧ್ಯತೆ ಶೇ. 56. ಕೆಂಪು ಗೆರೆಗೂ ಶೇ. 18. 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದು ಪುಣೆ ಮುಳುಗಿದ್ದು ಬೇರೆ ಕಥೆ. ಆದರೆ 2024ರ ಜುಲೈನಲ್ಲಿ ಅಣೆಕಟ್ಟು ಒಡೆದಿರಲಿಲ್ಲ. ಭಾರಿ ಮಳೆ, ಖಡಕ್‌ವಾಸ್ಲಾದಿಂದ ಬಿಟ್ಟ ನೀರು, ಅಷ್ಟಕ್ಕೇ ಸಿಂಹಗಡ ರಸ್ತೆಯ ಏಕತಾ ನಗರಿಯ ಸೊಸೈಟಿಗಳಿಗೆ ನೀರು ನುಗ್ಗಿತು.

"ಒಂಬತ್ತನೇ ಮಹಡಿಗೆ ನೀರು ಬರುತ್ತಾ?" ಅಂತ ನೀವು ಕೇಳಬಹುದು. ಬರಲ್ಲ. ಆದರೆ ಕರೆಂಟ್ ಮೀಟರ್, ಜನರೇಟರ್, ನೀರಿನ ಪಂಪು, ನಿಮ್ಮ ಕಾರು ಎಲ್ಲಾ ಕೆಳಗೇ ಇರೋದು. ಲಿಫ್ಟ್ ನಿಂತರೆ ವಯಸ್ಸಾದ ಅಪ್ಪ ಅಮ್ಮ ಮೇಲೇ ಸಿಕ್ಕಿಹಾಕಿಕೊಳ್ತಾರೆ.

ಇನ್ನು ದುಡ್ಡು. ಎರಡು ಕೋಟಿಯ ಫ್ಲ್ಯಾಟ್ ಅಂದುಕೊಳ್ಳಿ. 75 ಲಕ್ಷದ ಮೇಲಿನ ಸಾಲಕ್ಕೆ ಬ್ಯಾಂಕ್ ಬೆಲೆಯ ಶೇ. 75 ಮಾತ್ರ ಕೊಡಬಹುದು, ಅಂದ್ರೆ 1.5 ಕೋಟಿ. ಕೈಯಿಂದ 50 ಲಕ್ಷ. ಅದರ ಮೇಲೆ ಮುದ್ರಾಂಕ ಶುಲ್ಕ ಶೇ. 7, ಅಂದ್ರೆ 14 ಲಕ್ಷ (ಮಹಿಳೆಯರ ಹೆಸರಲ್ಲೇ ಇದ್ರೆ ಶೇ. 1 ಕಡಿಮೆ). ನೋಂದಣಿಗೆ 30,000. ಇನ್ನೂ ಕಟ್ಟುತ್ತಿರೋ ಕಟ್ಟಡವಾದರೆ ಜಿಎಸ್‌ಟಿ ಶೇ. 5, ಇನ್ನೊಂದು 10 ಲಕ್ಷ. ಒಟ್ಟು ಸುಮಾರು 74 ಲಕ್ಷ ಕೈಯಲ್ಲಿರಬೇಕು.

ಕಾಗದಪತ್ರ ನಮ್ಮೂರಿನ ಹಾಗಲ್ಲ. ನಮ್ಮ ಪಹಣಿಗೆ ಇಲ್ಲಿ ಸಾತ್‌ಬಾರಾ ಅಂತಾರೆ. ಇಸಿ ತೆಗೆಸೋ ಬದಲು ವಕೀಲರಿಂದ 30 ವರ್ಷದ ಸರ್ಚ್ ರಿಪೋರ್ಟ್ ಮಾಡಿಸಿ. ಹಳೇ ಮಾರಾಟದ ವಿವರಕ್ಕೆ ಇಂಡೆಕ್ಸ್-2 ನೋಡಿ, ಮಹಾರೇರಾದಲ್ಲಿ ಪ್ರಾಜೆಕ್ಟ್ ನಂಬರ್ ಹಾಕಿ ನೋಡಿ, ಆಕ್ಯುಪೆನ್ಸಿ ಸರ್ಟಿಫಿಕೇಟ್ ಕೇಳಿ. ಇವೆಲ್ಲಾ ಸರಿಯಿದ್ದರೂ ಗೆರೆ ಎಲ್ಲಿದೆ ಅಂತ ಗೊತ್ತಾಗಲ್ಲ. ಅದಕ್ಕೆ ಸರ್ವೆ ನಂಬರ್ ಹಿಡಿದು ಪಾಲಿಕೆಯ ಡಿಪಿ ನಕ್ಷೆ ನೋಡಬೇಕು. ನಾನು ನೋಡಿದಾಗ ನಮ್ಮ ಕಟ್ಟಡ ಎರಡು ಗೆರೆಗಳ ಮಧ್ಯೆ ಇತ್ತು.

ನನ್ನ ತಪ್ಪು, ಟೋಕನ್ ಕೊಟ್ಟ ಮೇಲೆ ನೋಡಿದ್ದು. ಎರಡು ಲಕ್ಷ ವಾಪಸ್ ಬರೋಕೆ ನಾಲ್ಕು ತಿಂಗಳು ಓಡಾಡಿದೆ. ನೀವು ಮೊದಲು ನಕ್ಷೆ ನೋಡಿ, ಟೋಕನ್ ಕೊಡೋದಾದರೆ "ದಾಖಲೆ ಸರಿಯಿಲ್ಲದಿದ್ದರೆ, ಗೆರೆ ಒಳಗಿದ್ದರೆ ಪೂರ್ತಿ ವಾಪಸ್" ಅಂತ ಬರೆಸಿಕೊಳ್ಳಿ. ಆದರೆ ಒಂದು ಮಳೆಗಾಲ ಅದೇ ಲೇನ್‌ನಲ್ಲಿ ಬಾಡಿಗೆಗೆ ಇದ್ದು ನೋಡಿ.

ನಾನು ಈಗಲೂ ಕಲ್ಯಾಣಿ ನಗರದಲ್ಲೇ ಬಾಡಿಗೆಗೆ ಇದ್ದೀನಿ, ಕೆಂಪು ಗೆರೆಯಿಂದ ಆಚೆ ಹುಡುಕ್ತಾ ಇದ್ದೀನಿ. ಸೈಟು ಇನ್ನೂ ಅಪ್ಪನ ಹೆಸರಲ್ಲೇ ಇದೆ. ಮುಂದಿನ ವಿಡಿಯೊದಲ್ಲಿ ಸೊಸೈಟಿ ಮೆಂಟೆನೆನ್ಸ್ ಮತ್ತು ಕನ್ವೇಯನ್ಸ್ ಬಗ್ಗೆ ಮಾತಾಡೋಣ.